ಬಂದೂಕಿಗೆ ಎರಡು ಕಾಲು

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಒಂದು ಮಧ್ಯಾಹ್ನ ನಮ್ಮವರು ಟವೆಲ್ಲಿನಲ್ಲಿ ಏನನ್ನೋ ಸುತ್ತಿ ಹೆಗಲ ಮೇಲಿಟ್ಟುಕೊಂಡು ಮನೆಗೆ ಬಂದರು. ಬಂದವರು ನನ್ನ ಮುಂದೆ ಬಿಚ್ಚದೆ ನೇರವಾಗಿ ಬಂದೂಕು ಇಡುವ ಕೋಣೆಗೆ ಹೋದರು. ಗಂಡ ತಂದದ್ದನ್ನು ಹೆಂಡತಿಯ ಕೈಗೆ ಕೊಡದೆ ಒಳಗೆ ಒಯ್ದರೆ ಯಾವ ಹೆಂಗಸಿಗೂ ಅನುಮಾನ ಬರುತ್ತದೆ. ನನಗಂತೂ ಅದು ಹುಟ್ಟುಗುಣ. ಹಾಲು ತಂದವನ ಎದುರಿಗೇ ಹಾಲಿನಲ್ಲಿ ಬೆರಳು ಅದ್ದಿ ನೋಡುವವಳು ನಾನು. ಹಿಟ್ಟಿನ ಕೈ ಒರೆಸಿಕೊಂಡು ಹಿಂದೆಯೇ ಹೋದೆ.

“ಏನ್ರಿ ಅದು?”

“ಕಾಲು.”

“ಯಾರ ಕಾಲು?”

“ಬಂದೂಕಿನ್ವು,” ಎಂದು ಟವೆಲ್ ಬಿಚ್ಚಿದರು.

ಶಿವನಿ ಮರದ ಎರಡು ಕೋಲುಗಳು. ಕೂತವನ ಎದೆಯ ಮಟ್ಟಕ್ಕೆ ಬರುವಷ್ಟು ಉದ್ದ, ನೆಲಕ್ಕೆ ಊರಲು ಕೆಳಗಿನ ತುದಿ ಚೂಪು. ಮೇಲೆ ಎರಡನ್ನೂ ಸೇರಿಸಿ ಗೇಣುದ್ದದ ಒಂದು ಅಡ್ಡಪಟ್ಟಿ, ಆ ಪಟ್ಟಿಯ ಎರಡೂ ತುದಿಗೆ ಬೆರಳಿನಷ್ಟು ಎತ್ತರದ ಒಂದೊಂದು ಗೂಟ. ಬಂದೂಕಿನ ನಳಿಗೆಯನ್ನು ಗೂಟಗಳ ನಡುವೆ ಪಟ್ಟಿಯ ಮೇಲೆ ಮಲಗಿಸಿ ಗುರಿ ಹಿಡಿಯಬೇಕಂತೆ. ಕೈಯಲ್ಲಿ ಎತ್ತಿ ನೋಡಿದೆ, ಮೊರದಷ್ಟೂ ಭಾರವಿರಲಿಲ್ಲ.

ನಾವಿದ್ದದ್ದು ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯಿಂದ ಒಳಗೆ, ಕಾಡಿಗೆ ಆತುಕೊಂಡ ಸಣ್ಣ ಊರಲ್ಲಿ. ಊರಿಗೆಲ್ಲ ಇದ್ದದ್ದು ಒಂದೇ ಬಂದೂಕು, ಅದು ನಮ್ಮವರದು. ಭತ್ತಕ್ಕೆ ಬೀಳುವ ಕಾಡುಹಂದಿಗಳನ್ನು ಹೊಡೆಯಲು ಮಾಮಲೇದಾರ ಕಚೇರಿಯಿಂದ ಕೊಟ್ಟ ಲೈಸೆನ್ಸು. ನಳಿಗೆಯ ಬಾಯಿಂದ ಮದ್ದು ತುಂಬಿ, ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯುವ ಹಳೆಯ ಸಾಮಾನು. ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ, ಅವರು ಅದನ್ನು ನಿಂತಲ್ಲೇ ಎತ್ತಿ ನಿಂತಲ್ಲೇ ಹೊಡೆಯುತ್ತಿದ್ದರು. ಇಷ್ಟು ವರ್ಷ ಕೈಯಲ್ಲಿ ನಿಂತ ಬಂದೂಕಿಗೆ ಈಗ ಕಾಲು ಯಾಕೆ ಬೇಕಾಯಿತು?

ಕೇಳಿದೆ. ಉತ್ತರ ಬಾಯಿಪಾಠ ಮಾಡಿದಂತೆ ಬಂತು. ಯುದ್ಧದಿಂದಾಗಿ ಮದ್ದು ಸಿಗುವುದಿಲ್ಲ, ಒಂದು ಗುಂಡೂ ದಂಡವಾಗಬಾರದು. ದಾಂಡೇಲಿ ಬಂಗಲೆಗೆ ಶಿಕಾರಿಗೆ ಬಂದಿದ್ದ ಒಬ್ಬ ಸಾಹೇಬರ ರೈಫಲ್ಲಿಗೆ ನಳಿಗೆಯ ಕೆಳಗೆ ಮಡಚುವ ಕಬ್ಬಿಣದ ಕಾಲುಗಳಿದ್ದವು. ಅದನ್ನು ಹೊತ್ತು ಇವರ ಭುಜ ಬಿದ್ದುಹೋಗಿತ್ತು. ಹಾಗಾಗಿ ಹಗುರ ಮರದಲ್ಲಿ ಮಾಡಿಸಿದ್ದು.

“ಯಾರು ಮಾಡಿಕೊಟ್ರು?”

“ಕಾಕಾ.”

ಕಾಕಾ ಎಂದರೆ ನಮ್ಮ ಹೊಲದ ಆಚೆಗಿದ್ದ ಸಿದ್ದಿಯರ ಕೇರಿಯ ಹಿರಿಯ. ಹೊಲ ಮಾಡುತ್ತಿದ್ದ, ಬಡಗಿ ಕೆಲಸ ಬಲ್ಲವನು. ಬೇಟೆಯ ದಿನ ಯಾರು ಎಲ್ಲಿ ನಿಲ್ಲಬೇಕು, ಎಲ್ಲಿಂದ ಹೊರಡಬೇಕು ಎಂದು ಹೇಳುವವನು ಅವನೇ. ನಮ್ಮವರೂ ಅವನೂ ಇಪ್ಪತ್ತು ವರ್ಷದ ಜೊತೆಗಾರರು. ಈ ಇಬ್ಬರೂ ಸೇರಿ ನನಗೆ ಹೇಳದೆ ಏನೋ ಮಾಡಿದ್ದಾರೆ ಎಂಬುದಷ್ಟೇ ನನ್ನ ತಲೆಯಲ್ಲಿ ಹುಳ ಬಿಡಲು ಸಾಕಾಯಿತು.

ಇದು ಬರಿಯ ಹೆಂಗಸಿನ ಕುತೂಹಲವಾಗಿರಲಿಲ್ಲ. ಬೇಟೆ ಎಂದರೆ ನಮ್ಮಲ್ಲಿ ಹೀಗೆ. ಹತ್ತು ಹದಿನೈದು ಮಂದಿ ಕಾಡಿನ ಆಚೆಯಿಂದ ಡಬ್ಬಿ ಬಡಿಯುತ್ತ, ಕೂಗುತ್ತ ಹಂದಿಯನ್ನು ಗದ್ದೆಯ ಕಡೆಗೆ ಅಟ್ಟುತ್ತಾರೆ. ಅದಕ್ಕೆ ಹಾಕಾ ಹೊಡೆಯುವುದು ಎನ್ನುತ್ತಿದ್ದರು. ಬಂದೂಕಿನವನು ಗದ್ದೆಯಂಚಿಗೆ ಕೂತು ಕಾಯುತ್ತಾನೆ. ಹಂದಿಯ ಹಿಂದೆಯೇ ಜನ ಬರುತ್ತಾರೆ, ಅಂದರೆ ಬಂದೂಕಿನ ಎದುರಿಗೇ ಬರುತ್ತಾರೆ. ಹಾಗೆ ಎಲ್ಲರಿಗಿಂತ ಮುಂದೆ ಓಡಿ ಬರುವವನು ನನ್ನ ತಮ್ಮ. ಅವ್ವ ಅಪ್ಪ ಇಬ್ಬರೂ ಚಳಿಜ್ವರದಲ್ಲಿ ಹೋದ ಮೇಲೆ ನಾನೇ ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವನು. ಆಗ ಅವನ ಮದುವೆಯಾಗಿ ವರ್ಷವಾಗಿತ್ತು. ಬಂದೂಕು ಹಿಡಿದ ಕೈ ನಡುಗುತ್ತಿದ್ದರೆ ಹೋಗುವುದು ಅವನ ಜೀವ. ನಡುಗುವ ಕೈಗಲ್ಲದೆ ಇನ್ನಾವುದಕ್ಕೆ ಬೇಕು ಊರುಗೋಲು ಎಂದು ನನ್ನ ಲೆಕ್ಕ.

ಮರುದಿನದಿಂದ ಪರೀಕ್ಷೆ ಶುರುಮಾಡಿದೆ. ಮಜ್ಜಿಗೆಯನ್ನು ಲೋಟದ ಅಂಚಿನವರೆಗೆ ತುಂಬಿ ಕೈಗೆ ಕೊಟ್ಟೆ. ಒಂದು ಹನಿ ಚೆಲ್ಲಲಿಲ್ಲ. ಕುಡಿತ ಕಲಿತಿರಬಹುದೆಂದು ಕಳಚಿಟ್ಟ ಅಂಗಿಯನ್ನು ಮೂಸಿದೆ, ಬೀಡಿ ಬೆವರು ಬಿಟ್ಟು ಏನೂ ಇಲ್ಲ. ಕಣ್ಣೇ ಮಂಜಾಗಿದೆಯೋ ಏನೋ ಎಂದು ನನ್ನ ಕಣ್ಣಿಗೆ ಧೂಳು ಬಿದ್ದಿದೆಯೆಂದು ಸುಳ್ಳು ಹೇಳಿ ಸೂಜಿಗೆ ದಾರ ಪೋಣಿಸಲು ಕೊಟ್ಟೆ. ಒಂದೇ ಸಲಕ್ಕೆ ಪೋಣಿಸಿಕೊಟ್ಟರು. ದೂರದ ದಿಬ್ಬದಲ್ಲಿ ಮೇಯುವ ದನ ಯಾರದೆಂದು ಕೇಳಿದೆ. ಬಣ್ಣ, ಕೋಡು, ಕಾಲಿನ ಮಚ್ಚೆ ಎಲ್ಲ ಹೇಳಿದರು. ಕಣ್ಣೂ ಚೊಕ್ಕ, ಕೈಯೂ ಚೊಕ್ಕ. ಬೇರೆ ಯಾರಾದರೂ ಆಗಿದ್ದರೆ ಸಮಾಧಾನ ಪಡುತ್ತಿದ್ದರು. ನನಗೆ ಅನುಮಾನ ಇನ್ನೂ ಹೆಚ್ಚಿತು, ಯಾಕೆಂದರೆ ಮನುಷ್ಯ ಮಾತ್ರ ಮೊದಲಿನಂತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಳ್ಳುತ್ತಿದ್ದರು. ಪಕ್ಕದಲ್ಲೇ ಇಟ್ಟ ತಂಬಿಗೆಯನ್ನು ಒದ್ದು ಉರುಳಿಸುತ್ತಿದ್ದರು. ಹಳಿಯಾಳದ ಸಂತೆಯಲ್ಲಿ ಪಕ್ಕದಲ್ಲೇ ನಿಂತು ಕೈಮುಗಿದ ಬೀಗರನ್ನು ಗಮನಿಸದೆ ಮುಂದೆ ನಡೆದುಬಿಟ್ಟರು. ಮನಸ್ಸು ಬೇರೆ ಎಲ್ಲೋ ಇರುವ ಗಂಡಸಿನ ಲಕ್ಷಣ ಇವು ಎಂದು ತಿಳಿದು, ನಾಲ್ಕು ದಿನ ಊರಿನ ವಿಧವೆಯರ ಹೆಸರನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದೆ. ಈಗ ನೆನೆದರೆ ನಗು ಬರುತ್ತದೆ, ಆಗ ಬಂದಿರಲಿಲ್ಲ.

ಊರಿನ ಗಂಡಸರಿಗೆ ಮಾತ್ರ ಈ ಕಾಲುಗಳು ಒಳ್ಳೆಯ ಹರಟೆ ಒದಗಿಸಿದವು. ಕಣದಲ್ಲಿ ಕೂತು ಬೇಟೆಗಾರನಿಗೆ ಇಂಥದ್ದು ಬೇಕೇ ಬೇಡವೇ ಎಂದು ವಾದ ಹಾಕಿದರು.

“ಇಂವ ಕೋಲು ಊರಿ, ನಳಿಗಿ ಮಲಗಿಸಿ, ಗುರಿ ಹಿಡಿಯೂತನಕ ಹಂದಿ ನಿಂತು ಕಾಯತೈತೇನು?” ಎಂದು ಒಬ್ಬ.

“ಓಡಾಡಿ ಹೊಡಿಯಾಂವಗ ಬ್ಯಾಡ. ಕುಂತ ಹೊಡಿಯಾಂವಗ ಬೇಕು. ತೋಳು ಸೋತರ ಗುರಿ ಸೋಲತೈತಿ,” ಎಂದು ಇನ್ನೊಬ್ಬ.

ನನ್ನ ತಮ್ಮ ಎಲ್ಲರಿಗಿಂತ ಜೋರು. “ನಮ್ಮ ಭಾವಗ ವಯಸ್ಸಾತು, ಅದಕ್ಕ ಬಂದೂಕಿಗೆ ಊರೂ ಬಡಿಗಿ ಕೊಡಿಸ್ಯಾರ,” ಎಂದು ನಗಿಸಿದ. ನಮ್ಮವರೂ ನಕ್ಕರು. ಮುಖದಲ್ಲಿ ಮಾತ್ರ ನಗು ಸರಿಯಾಗಿ ಕೂತಿರಲಿಲ್ಲ, ಅದನ್ನೂ ನೋಡಿಕೊಂಡೆ.

ಮೊದಲ ಬೇಟೆಯಲ್ಲಿ ಕಾಲುಗಳು ಮರ್ಯಾದೆ ಉಳಿಸಿದವು. ಹಂದಿ ನೇರವಾಗಿ ಬಂತು, ಒಂದೇ ಗುಂಡಿಗೆ ಬಿತ್ತು. ಆಮೇಲೆ ಪಾಲಿನ ಪ್ರಶ್ನೆ ಬಂತು. ನಮ್ಮ ಪದ್ಧತಿಯಲ್ಲಿ ಬೇಟೆಗೆ ಏನು ತಂದರೂ ಅದಕ್ಕೊಂದು ಪಾಲುಂಟು. ಬಂದೂಕಿಗೆ ತಲೆ ಮತ್ತು ಹಿಂದಿನ ಒಂದು ತೊಡೆ. ನಾಯಿ ತಂದವನಿಗೆ ನಾಯಿಯ ಪಾಲು, ಬಲೆ ತಂದವನಿಗೆ ಬಲೆಯ ಪಾಲು. ಉಳಿದದ್ದು ಹಾಕಾ ಹೊಡೆದವರಿಗೆಲ್ಲ ಸಮ. ಹಾಗಾದರೆ ಕಾಲು ಮಾಡಿದವನಿಗೆ? ಒಂದು ಪಾಲು ಕೊಡಲೇಬೇಕೆಂದು ಅರ್ಧ ಊರು, ಬಂದೂಕಿನ ಪಾಲಿನಲ್ಲೇ ಅದೂ ಸೇರಿತು ಎಂದು ಅರ್ಧ ಊರು. ಕಾಕಾ ಎದ್ದು ನಿಂತು, “ಕಾಲಿಗೆ ಪಾಲು ಬ್ಯಾಡ. ನಾ ತಗೊಳ್ಳಾಂವಲ್ಲ,” ಎಂದು ತನ್ನ ನಾಯಿಗಳ ಪಾಲನ್ನಷ್ಟೇ ತೆಗೆದುಕೊಂಡು ಹೋದ.

ಎಲ್ಲರೂ ಅವನನ್ನು ಹೊಗಳಿದರು. ಮೂರು ದಿನದ ಕೆಲಸಕ್ಕೆ ಮೂಳೆಯ ತುಂಡನ್ನೂ ಬೇಡವೆನ್ನುವ ಮನುಷ್ಯನನ್ನು ನಾನಂತೂ ಅದುವರೆಗೆ ಕಂಡಿರಲಿಲ್ಲ. ಬೇಡ ಎಂದವನಿಗೆ ಬೇರೆ ಕಡೆಯಿಂದ ಬರುತ್ತಿರಬೇಕು ಎಂದುಕೊಂಡೆ.

ಎರಡನೆಯ ಬೇಟೆಯಲ್ಲಿ ನನಗೆ ಉತ್ತರ ಸಿಕ್ಕಂತಾಯಿತು. ಹಂದಿ ಗದ್ದೆಯಂಚಿಗೆ ಬಂದು ಬಲಕ್ಕೆ ಹೊರಳಿತಂತೆ. ನಮ್ಮವರು ನಳಿಗೆ ತಿರುಗಿಸಿದರೆ ಅದು ಗೂಟಕ್ಕೆ ತಾಗಿ ನಿಂತಿತು. ಅವರು ಹೊಡೆಯಲಿಲ್ಲ. ಹಂದಿ ಹಳ್ಳದ ಕಡೆ ನುಗ್ಗಿತು, ಅಲ್ಲಿ ಕಾಕಾನ ಕೇರಿಯವರ ನಾಯಿಗಳು ಅದನ್ನು ಅಡ್ಡಗಟ್ಟಿ ಹಿಡಿದವು, ಅವರ ಭರ್ಚಿಗಳು ಕೆಡವಿದವು. ಗುಂಡು ತಾಗದ ಹಂದಿಯಲ್ಲಿ ಬಂದೂಕಿಗೆ ಪಾಲಿಲ್ಲ. ಇದೂ ಪದ್ಧತಿಯೇ. ತಲೆ, ತೊಡೆ ಎಲ್ಲ ಹಳ್ಳದಾಚೆ ಅವರ ಕೇರಿಗೆ ಹೋದವು. ನಮ್ಮ ಮನೆಗೆ ಬಂದದ್ದು ತಮ್ಮ ತನ್ನ ಪಾಲಿನಿಂದ ಮುರಿದು ಕೊಟ್ಟ ನಾಲ್ಕು ತುಂಡು.

ನನಗೆ ಎಲ್ಲ ಬಿಡಿಸಿಟ್ಟಂತೆ ಕಂಡಿತು. ಗೂಟ ಇಟ್ಟದ್ದು ನಳಿಗೆ ತಿರುಗಬಾರದೆಂದು. ನಳಿಗೆ ತಿರುಗದಿದ್ದರೆ ಹಂದಿ ಪಾರಾಗುತ್ತದೆ, ಪಾರಾದ ಹಂದಿ ಕಾಕಾನ ನಾಯಿಗಳಿಗೆ ಸಿಗುತ್ತದೆ. ಅದಕ್ಕೇ ಮಹಾರಾಯನಿಗೆ ಕಾಲಿನ ಪಾಲು ಬೇಡವಾಗಿತ್ತು. ನಮ್ಮವರ ಸಾಧುತನ ನೋಡಿ ಹೊಟ್ಟೆ ಉರಿಯಿತು. ಮರುದಿನವೇ ಅವನ ಕೇರಿಗೆ ಹೋದೆ. ಅಂಗಳದಲ್ಲಿ ನೇಗಿಲು ಕೆತ್ತುತ್ತ ಕೂತಿದ್ದ.

“ಕಾಕಾ, ಆ ಪಟ್ಟಿಗೆ ಗೂಟ ಯಾಕ ಹೊಡದೀರಿ?”

ಬಾಚಿ ನಿಲ್ಲಿಸಿ ನನ್ನನ್ನೇ ನೋಡಿದ. “ನಳಿಗಿ ಜಾರಬಾರದಂತ.”

“ಒಂದ ಇಂಚು ಜಾಗಾ ಬಿಟ್ಟಿದ್ರ ಆ ಹಂದಿ ನಮ್ಮ ಗುಂಡಿಗೆ ಬೀಳತಿತ್ತು.”

“ಬೀಳತಿತ್ತೋ ಏನೋ. ನಿನ್ನ ಗಂಡನ್ನ ಕೇಳು, ತಂಗಿ. ಅಂವಗ ಗೂಟ ಬ್ಯಾಡಂದ್ರ ನಾನ ಬಂದು ಕೀಳತೇನಿ.”

ಅಷ್ಟು ಹೇಳಿ ಮತ್ತೆ ಬಾಚಿ ಎತ್ತಿಕೊಂಡ. ನೇರ ಮಾತಿಗೆ ನೇರ ಉತ್ತರ ಕೊಡದವನು ಕಳ್ಳನಲ್ಲದೆ ಇನ್ನೇನು? ನಮ್ಮವರನ್ನು ಕೇಳಿದರೆ, “ನಿನಗ ಬ್ಯಾಟಿದು ಏನ್ ತಿಳೀತೈತಿ, ಸುಮ್ನಿರು,” ಎಂದು ಬಾಯಿ ಮುಚ್ಚಿಸಿದರು. ಬಾಯಿ ಮುಚ್ಚಿದೆ. ಕೈಯನ್ನು ಸುಮ್ಮನಿಡಲಿಲ್ಲ.

ಮೂರನೆಯ ಬೇಟೆಯ ದಿನ ಬೆಳಿಗ್ಗೆ ಬಂದೂಕನ್ನೂ ಕಾಲುಗಳನ್ನೂ ಪಡಸಾಲೆಯಲ್ಲಿಟ್ಟು ನಮ್ಮವರು ಬಚ್ಚಲಿಗೆ ಹೋಗಿದ್ದರು. ಕುಡುಗೋಲಿನ ಹಿಡಿಯಿಂದ ಬಲಗಡೆಯ ಗೂಟಕ್ಕೆ ಎರಡೇಟು ಹೊಡೆದೆ. ಅಲುಗಾಡಲಿಲ್ಲ, ಅಷ್ಟು ಬಿಗಿಯಾಗಿ ಕೂರಿಸಿದ್ದ. ಮೂರನೆಯ ಏಟಿಗೆ ಸಡಿಲಾಯಿತು, ತಿರುವಿ ಕಿತ್ತೆ. ಒಲೆಗೆ ಹಾಕಿ ಅದರ ಮೇಲೆ ರೊಟ್ಟಿ ಬೇಯಿಸಿದೆ. ಆ ರೊಟ್ಟಿಯನ್ನೇ ಗಂಡನಿಗೂ ತಮ್ಮನಿಗೂ ಕಟ್ಟಿಕೊಟ್ಟು ಕಳಿಸಿದೆ. ಇವತ್ತು ಹಂದಿ ಬಲಕ್ಕೆ ಹೊರಳಿದರೂ ಬಿಡುವುದಿಲ್ಲ, ಕಾಕಾನ ಬೇಳೆ ಬೇಯುವುದಿಲ್ಲ ಎಂದು ಒಳಗೊಳಗೇ ಬೀಗಿದೆ.

ಡಬ್ಬಿಯ ಸದ್ದು, ಕೂಗು, ನಾಯಿಗಳ ಬೊಗಳು ಎಲ್ಲ ಕಣದವರೆಗೆ ಕೇಳಿಸಿತು. ಗುಂಡಿನ ಸದ್ದು ಬರಲಿಲ್ಲ. ಬಿಸಿಲು ಏರುವ ಹೊತ್ತಿಗೆ ತಮ್ಮ ನಗುತ್ತ ಓಡಿ ಬಂದ.

“ಅಕ್ಕಾ, ನಿನ್ನ ಗಂಡಗ ಏನಾಗೇತಿ? ಹಂದಿ ಇಷ್ಟ ಹತ್ರ ಇತ್ತು, ಹತ್ತು ಮಾರು. ನಾ ಅದರ ಬೆನ್ನಿಗೇ ಇದ್ದೆ. ಭಾವ ನಳಿಗಿ ತಿರಿವಿದ್ರು, ತಿರಿವಿದಾವ್ರ ಬಂದೂಕು ನೆಲಕ್ಕ ಇಟ್ಟು ಮಣಕಾಲ ಹಿಡಕೊಂಡು ಕುಂತಬಿಟ್ರು. ಹಂದಿ ಗದ್ದಿ ತುಳಕೋತ ಹೋತು. ಎಲ್ಲಾರೂ ನಗಾಕತ್ತಾರ.”

“ನೀ ಎಲ್ಲಿದ್ದಿ?” ಎಂದು ಕೇಳಿದೆ.

“ಅವರ ಬಲಕ್ಕ. ಬೇಲಿ ದಾಟಿ ಅಡ್ಡ ಬಂದೆ. ಕಾಕಾ ಆ ಕಡೆ ಹೋಗಬ್ಯಾಡಂತ ದಿನಾ ಒದರತಾನ, ಯಾರ್ ಕೇಳತಾರ?”

ಅವನಿಗೆ ನೀರು ಕೊಟ್ಟೆ. ಅವನು ಕುಡಿಯುವುದನ್ನು ನೋಡುತ್ತ ನಿಂತೆ. ಅವನ ಗಂಟಲು ಏರಿಳಿಯುತ್ತಿತ್ತು. ನನಗೆ ಇನ್ನೂ ಏನೂ ಗೊತ್ತಿರಲಿಲ್ಲ, ಆದರೂ ಅವನು ಕೇಳದೆಯೇ ಇನ್ನೊಂದು ತಂಬಿಗೆ ನೀರು ತಂದುಕೊಟ್ಟೆ.

ತಮ್ಮ ಅವನ ಮನೆಗೆ ಹೋದ ಮೇಲೆ ನಮ್ಮವರೂ ಕಾಕಾನೂ ಬಂದರು. ಬಂದೂಕನ್ನು ಕಾಕಾ ಹೊತ್ತಿದ್ದ, ಅದೂ ಹೊಸದೇ. ನಮ್ಮವರು ಕಟ್ಟೆಯ ಮೇಲೆ ಕೂತು ನನ್ನನ್ನು ಕರೆದರು.

“ಇನ್ನ ನಿನಗ ಹೇಳೂದು ಛಲೋ. ನನಗ ಎದುರಿಂದು ಎಲ್ಲಾ ಕಾಣತೈತಿ. ಬಗಲಿಂದು ಕಾಣಂಗಿಲ್ಲ. ಎರಡೂ ಕಡೆ ಗ್ವಾಡಿ ಕಟ್ಟಿದಂಗ ಆಗೇತಿ, ಎರಡು ವರ್ಷ ಆತು.”

ಸೂಜಿಯೂ ದನವೂ ಎದುರಿಗಿದ್ದವು. ಚೌಕಟ್ಟು, ತಂಬಿಗೆ, ಬೀಗರು ಎಲ್ಲ ಪಕ್ಕದಲ್ಲಿದ್ದರು. ನನ್ನ ಪರೀಕ್ಷೆಗಳೆಲ್ಲ ಎದುರಿಗೇ ಇಟ್ಟ ಪರೀಕ್ಷೆಗಳು.

ಉಳಿದದ್ದನ್ನು ಅವರೇ ನಿಧಾನವಾಗಿ ಹೇಳಿದರು. ಹಿಂದಿನ ವರ್ಷ ಓಡುವ ಹಂದಿಯ ಜೊತೆ ನಳಿಗೆ ತಿರುಗಿಸುತ್ತ ಹೊಡೆದಾಗ ಪಕ್ಕದಿಂದ ಬರುತ್ತಿದ್ದ ಕಾಕಾ ಕಾಣಲೇ ಇಲ್ಲ. ಗುಂಡು ಅವನ ಕಿವಿಯ ಪಕ್ಕ ಹಾದುಹೋಯಿತು. ಕಾಕಾ ಯಾರಿಗೂ ಹೇಳಲಿಲ್ಲ. ಲೈಸೆನ್ಸು ಹಿಂದಿರುಗಿಸೋಣವೆಂದರೆ ಯುದ್ಧ ಮುಗಿಯುವವರೆಗೆ ಹೊಸದು ಸಿಗುವುದು ಕಷ್ಟ ಎಂದು ಕಚೇರಿಯ ಗುಮಾಸ್ತ ಹೇಳಿದ್ದ. ಊರಿನ ಭತ್ತ ಕಾಯಲು ಬೇರೆ ಬಂದೂಕಿರಲಿಲ್ಲ. ಆಗ ಕಾಕಾ ಈ ಕಾಲುಗಳನ್ನು ಮಾಡಿದ. ಗೂಟಗಳ ನಡುವೆ ನಳಿಗೆ ಎಷ್ಟು ತಿರುಗುತ್ತದೋ ಅಷ್ಟು ಜಾಗದಲ್ಲಿ ಒಬ್ಬರೂ ಕಾಲಿಡದಂತೆ ನೋಡಿಕೊಳ್ಳುವುದು ಅವನ ಜವಾಬ್ದಾರಿ, ಗೂಟಕ್ಕೆ ತಾಗಿದರೆ ಹೊಡೆಯದೆ ಬಿಡುವುದು ಇವರ ಮಾತು. ಆ ಕಾಲುಗಳು ಕೈಗೆ ಆಧಾರವಾಗಿ ಬಂದವಲ್ಲ, ಬಂದೂಕಿಗೆ ಹಾಕಿದ ಬೇಲಿಯಾಗಿ ಬಂದವು.

“ಇವತ್ತ ತಿರಿವಿದೆ. ಗೂಟ ತಡೀತೈತಂತ ತಿರಿವಿದೆ. ತಡೀಲಿಲ್ಲ, ಬಲಗಡೆ ಗೂಟನ ಇರಲಿಲ್ಲ, ಬಗಲಿಗಿದ್ದ ಅದೂ ನನಗ ಕಂಡಿರಲಿಲ್ಲ. ನಳಿಗಿ ಪಟ್ಟಿ ಬಿಟ್ಟು ಜಾರಿತು, ಬೆರಳು ಬಂದೂಕಿನ ಕುದುರಿ ಮ್ಯಾಲ ಇತ್ತು, ಒತ್ತೂದೊಂದ ಬಾಕಿ. ಮುಂದ ನೋಡತೇನಿ, ಹಂದಿ ಇಲ್ಲ, ನಿನ್ನ ತಮ್ಮ ನಿಂತಾನ.”

ಬೆರಳನ್ನು ಹೇಗೆ ತೆಗೆದೆನೋ ಗೊತ್ತಿಲ್ಲ ಎಂದರು. ಮಜ್ಜಿಗೆಯ ಲೋಟ ತುಳುಕಿಸದ ಆ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತರು.

ಕಾಕಾ ಅಷ್ಟರಲ್ಲಿ ಕಾಲುಗಳನ್ನು ತಿರುಗಿಸಿ ನೋಡುತ್ತಿದ್ದ. ಗೂಟವಿದ್ದ ತೂತಿನಲ್ಲಿ ಬೆರಳು ಆಡಿಸಿದ. ಪಕ್ಕದಲ್ಲಿ ಕುಡುಗೋಲಿನ ಹಿಡಿ ಬಿದ್ದ ಗುರುತು ಹಸಿಯಾಗಿ ಕಾಣುತ್ತಿತ್ತು, ನಾನು ನಿಂತಲ್ಲಿಗೂ ಕಾಣುತ್ತಿತ್ತು. ಮರ ಬಲ್ಲವನಿಗೆ ಅದನ್ನು ಯಾರೂ ಓದಿ ಹೇಳಬೇಕಿರಲಿಲ್ಲ. ಅವನು ತಲೆ ಎತ್ತಿ ನನ್ನ ಮುಖ ನೋಡಿದ. ಅಂಗಳದಲ್ಲಿ ತಾನು ಆಡಿದ ಮಾತು ಅವನಿಗೆ ನೆನಪಿತ್ತು, ನನಗೂ ನೆನಪಿತ್ತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಸೆರಗು ಹಿಡಿದು ನಿಂತೆ.

“ನನ್ನ ಕೆಲಸ ಕಚ್ಚಾ ಆತು, ತಮ್ಮಾ. ಗೂಟ ಒಣಗಿ ಬಿದ್ದೈತಿ. ತಪ್ಪು ನಂದು,” ಎಂದು ನಮ್ಮವರಿಗೆ ಹೇಳಿದ. ಗುರುತಿದ್ದ ಬದಿಯನ್ನು ಅಂಗೈಯಿಂದ ಮುಚ್ಚಿ ಹಿಡಿದು ಕಾಲುಗಳನ್ನು ತಾನೇ ಒಯ್ದ.

ಆ ವಾರವೇ ನಮ್ಮವರು ಹಳಿಯಾಳಕ್ಕೆ ಹೋಗಿ ಬಂದೂಕನ್ನು ಕಚೇರಿಗೆ ಒಪ್ಪಿಸಿ ಬಂದರು. ಆ ವರ್ಷ ಊರಿನ ಭತ್ತ ಅರ್ಧಕ್ಕರ್ಧ ಹಂದಿಗಳ ಪಾಲಾಯಿತು, ನಮ್ಮದೂ ಆಯಿತು. ಹಂದಿಯನ್ನು ಕಂಡು ಹೆದರಿ ಬಂದೂಕು ಕೆಳಗಿಟ್ಟವನು ಎಂದು ಅವರಿಗೆ ಹೆಸರು ಬಿತ್ತು. ಮದುವೆ ಮುಂಜಿಗಳಲ್ಲಿ ಎಲ್ಲರಿಗಿಂತ ಮೊದಲು ಆ ಕಥೆ ಎತ್ತುತ್ತಿದ್ದವನು ನನ್ನ ತಮ್ಮನೇ. ಮಕ್ಕಳಿಗೂ, ಆಮೇಲೆ ಮೊಮ್ಮಕ್ಕಳಿಗೂ, ಭಾವ ಮೊಣಕಾಲು ಹಿಡಿದು ಕೂತ ರೀತಿಯನ್ನು ಕೂತು ತೋರಿಸುತ್ತಿದ್ದ. ನಮ್ಮವರು ತಲೆ ತಗ್ಗಿಸಿ ನಗುತ್ತಿದ್ದರು. ಕಣ್ಣಿನ ವಿಷಯ ಹೊರಗೆ ಬಂದರೆ ನಳಿಗೆ ತಮ್ಮನ ಕಡೆ ತಿರುಗಿದ ವಿಷಯವೂ ಬರುತ್ತದೆ, ಅವನ ಹೆಂಡತಿ ಹೆದರುತ್ತಾಳೆ ಎಂದು ಅವರು ಸುಮ್ಮನಿದ್ದರು.

ನಾನು ಸುಮ್ಮನಿದ್ದದ್ದು ಬೇರೆ ಕಾರಣಕ್ಕೆ. ಒಂದು ಮಾತು ಆಡಿದ್ದರೆ ಅವರ ಹೆಸರು ಉಳಿಯುತ್ತಿತ್ತು, ಆದರೆ ಗೂಟ ಹೇಗೆ ಹೋಯಿತು ಎಂದು ಯಾರಾದರೂ ಕೇಳುತ್ತಿದ್ದರು. ಗಂಡಸರಿಬ್ಬರು ನನ್ನ ತಪ್ಪನ್ನು ಹಂಚಿಕೊಂಡು ಹೊತ್ತರು, ಒಬ್ಬ ಗೊತ್ತಿದ್ದು, ಇನ್ನೊಬ್ಬರು ಗೊತ್ತಿಲ್ಲದೆ. ಗೊತ್ತಿಲ್ಲದೆ ಎಂದು ನಾನು ಅಂದುಕೊಂಡಿದ್ದೇನೆ, ಅಷ್ಟೇ. ಒಂದು ಸಲ, ಬಹಳ ವರ್ಷಗಳ ಮೇಲೆ, ತಮ್ಮ ಆ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಾಗ ನಮ್ಮವರು ನೇರವಾಗಿ ನನ್ನ ಕಡೆಗೆ ಮುಖ ತಿರುಗಿಸಿ ಬಹಳ ಹೊತ್ತು ನೋಡಿದರು. ಆ ವೇಳೆಗೆ ಅವರಿಗೆ ಎದುರಿನದೂ ಕಾಣುತ್ತಿತ್ತೋ ಇಲ್ಲವೋ. ಜೀವನವೆಲ್ಲ ಎಲ್ಲರನ್ನೂ ಪರೀಕ್ಷೆ ಮಾಡಿದವಳು, ಅದೊಂದನ್ನು ಮಾತ್ರ ಪರೀಕ್ಷೆ ಮಾಡಲು ಹೋಗಲಿಲ್ಲ. ಎದ್ದು ಒಳಗೆ ಹೋಗಿ ತಮ್ಮನಿಗೆ ಊಟಕ್ಕೆ ಬಡಿಸಿದೆ.